ಮಗ್ಗದ ಕೋಣೆಯ ಗಾಜಿನ ಹೆಂಚು

ಯಾವನು ಮೂಡಿದೊಡನೆ ಕೊಳದ ತಾವರೆಯೂ ತಿಪ್ಪೆಯ ಮೇಲಿನ ಹುಲ್ಲೂ ಸಮನಾಗಿ ಕಣ್ತೆರೆಯುವವೋ, ಯಾವನು ದೇಗುಲದ ಕಳಸಕ್ಕೂ ಗುಡಿಸಲ ಸೋಗೆಗೂ ಭೇದವೆಣಿಸದೆ ತನ್ನ ಕಿರಣಗಳನ್ನು ಹಂಚುವನೋ, ಆ ಸಹಸ್ರಕಿರಣನಿಗೆ ಮೊದಲ ವಂದನೆ. ಅವನ ಬೆಳಕನ್ನೇ ಬಣ್ಣಬಣ್ಣದ ನೂಲಾಗಿ ಬಿಡಿಸಿ ಲೋಕವೆಂಬ ವಸ್ತ್ರವನ್ನು ನೇಯುವ ಜಗನ್ಮಾತೆಗೆ ಎರಡನೆಯ ವಂದನೆ. ಸ್ವಂತ ಬೆಳಕೆಂಬುದು ಎಳ್ಳಷ್ಟೂ ಇಲ್ಲದ ನನ್ನಂಥವನು ಕಥೆ ಹೇಳಹೊರಟಾಗ ಈ ಇಬ್ಬರ ಅನುಗ್ರಹವಲ್ಲದೆ ಬೇರೆ ಆಸರೆ ಯಾವುದಿದೆ?

ನಾನು ಒಂದು ಗಾಜಿನ ಹೆಂಚು. ಕರಾವಳಿಯ ಹಳೆಯ ಮನೆಗಳ ಮಾಡಿನಲ್ಲಿ, ಕೆಂಪು ಹೆಂಚುಗಳ ಸಾಲಿನ ನಡುವೆ, ಅಲ್ಲೊಂದು ಇಲ್ಲೊಂದು ಹೊಳೆಯುವ ತುಂಡನ್ನು ನೀವು ನೋಡಿರಬಹುದು. ಒಳಗಿನ ಕತ್ತಲೆಗೆ ಆಕಾಶದ ಒಂದು ತುಣುಕನ್ನು ಇಳಿಸಿಕೊಡುವುದು ನಮ್ಮ ಕುಲವೃತ್ತಿ.

ನನ್ನ ಜನನ ಕುಲುಮೆಯಲ್ಲಿ ಆಯಿತು. ಹೊಳೆಯ ಮರಳು ನನ್ನ ತಾಯಿ, ಬೆಂಕಿ ನನ್ನ ತಂದೆ. ಆದರೆ ನನ್ನಲ್ಲಿ ಮರಳು ಮಾತ್ರವಿಲ್ಲ; ಒಡೆದ ಸೋಡಾಶೀಶೆಗಳು, ಔಷಧದ ಬಾಟಲಿಗಳು, ಯಾರೋ ಸುಮಂಗಲಿಯ ಕೈಯಿಂದ ಜಾರಿ ಚೂರಾದ ಬಳೆಗಳು ಎಲ್ಲವೂ ಕರಗಿ ಒಂದಾಗಿವೆ. ಜೀವಾತ್ಮನಿಗೆ ಪೂರ್ವಜನ್ಮದ ನೆನಪಿರುವುದಿಲ್ಲ ಎನ್ನುತ್ತಾರೆ, ನನಗೂ ಇಲ್ಲ. ಕೆಂಡದ ಪಾಯಸದಂತಿದ್ದ ನನ್ನನ್ನು ಅಚ್ಚಿಗೆ ಸುರಿದರು, ಒತ್ತಿದರು, ನಿಧಾನವಾಗಿ ಆರಲು ಬಿಟ್ಟರು. ಅವಸರದಿಂದ ಆರಿದ ಗಾಜು ಅವಸರದಿಂದಲೇ ಒಡೆಯುತ್ತದೆ. ಮಣ್ಣಿನ ಹೆಂಚಿನ ಆಕಾರವೇ ನನಗೂ ಬಂದಿತು. ಬೆನ್ನಿನಲ್ಲಿ ಅದೇ ಏಣು, ತುದಿಯಲ್ಲಿ ರೀಪಿನ ಮರವನ್ನು ಹಿಡಿದುಕೊಳ್ಳುವ ಅದೇ ಕೊಕ್ಕೆ.

ಮೊದಲು ನಾನು ಏರಿದ್ದು ಬಾರಕೂರಿನ ಕಡೆಯ ಒಂದು ಅಡಿಗೆಮನೆಯ ಮಾಡಿಗೆ. ಆ ಮನೆಯ ಒಡತಿ ಭವಾನಿಯಮ್ಮ. ಉಳಿದ ಸಾಮಾನುಗಳು ತಮ್ಮ ಯಜಮಾನರನ್ನು ಕೆಳಗಿನಿಂದ ನೋಡುತ್ತವೆ. ನಾನು ಮೇಲಿನಿಂದ ನೋಡಿದೆ. ಮೇಲಿನಿಂದ ನೋಡಿದರೆ ಎಲ್ಲ ಮನುಷ್ಯರೂ ಒಂದು ತಲೆ ಮತ್ತು ಎರಡು ದುಡಿಯುವ ಕೈಗಳು, ಅಷ್ಟೇ. ನನ್ನಿಂದ ಇಳಿದ ಬಿಸಿಲಿನ ತುಂಡು ಬೆಳಗಿನಿಂದ ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಅದು ಕಡೆಯುವ ಕಲ್ಲನ್ನು ಮುಟ್ಟಿದಾಗ ಭವಾನಿಯಮ್ಮ ತೆಂಗಿನಕಾಯಿ ತುರಿದು ಅರೆಯಲು ಕೂರುತ್ತಿದ್ದರು. ನೀರಿನ ಹಂಡೆಗೆ ಬಂದಾಗ ಎಲೆ ಹಾಕುತ್ತಿದ್ದರು. ಮೋಡ ಮುಚ್ಚಿದ ಒಂದು ದಿನ ಊಟ ತಡವಾಯಿತು. ಅವರ ಯಜಮಾನರು ಬಾಗಿಲಲ್ಲಿ ನಿಂತು, “ಎಂತ, ಇವತ್ತು ನಿನ್ನ ಗಡಿಯಾರಕ್ಕೆ ಕೀಲಿ ಕೊಡ್ಲಿಲ್ವಾ?” ಎಂದು ಕೆಣಕಿದರು.

“ಕೀಲಿ ಕೊಡುವವ ಮೋಡದ ಹಿಂದೆ ಕೂತಿದ್ದಾನೆ. ಹಸಿವಾದ್ರೆ ಹೋಗಿ ಕರ್ಕೊಂಡು ಬನ್ನಿ,” ಎಂದರು ಆಕೆ, ಕಲ್ಲು ತಿರುವುವುದನ್ನು ನಿಲ್ಲಿಸದೆ.

ಕಾಲಕ್ರಮದಲ್ಲಿ ಆ ತಲೆ ಬೆಳ್ಳಗಾಯಿತು; ಆಮೇಲೆ ಒಂದು ದಿನ ಅದು ಕೆಳಗೆ ಕಾಣಿಸಲಿಲ್ಲ. ಮುಂದಿನವರು ಮಾಡನ್ನು ಇಳಿಸಿ ಕಾಂಕ್ರೀಟಿನ ತಾರಸಿ ಹಾಕಿಸಿದರು. ಅದೇ ಅಡಿಗೆಮನೆಯಲ್ಲಿ ಈಗ ನಡುಹಗಲಿನಲ್ಲೂ ಟ್ಯೂಬ್‌ಲೈಟು ಉರಿಯಬೇಕೆಂದು ಗೋಡೆಯ ಬದಿಯಲ್ಲಿ ಬಿದ್ದಿದ್ದ ನಾನು ಕೇಳಿಸಿಕೊಂಡೆ. ನನಗೆ ಕೋಪ ಬರಲಿಲ್ಲ. ಮನೆಗಳಿಗೂ ಒಂದೊಂದು ಪ್ರಾಯ ಇರುತ್ತದೆ. ಆದರೆ ಹೊರಗೆ ಅಷ್ಟು ಬೆಳಕು ಯಾರಿಗೂ ಬೇಡವಾಗಿ ಸುಮ್ಮನೆ ಸುರಿಯುತ್ತಿದ್ದುದನ್ನು ಕಂಡು, ಬಡಿಸಿದ ಎಲೆಯ ಮುಂದೆ ಯಾರೂ ಕೂರದೆ ಹೋದಂತೆ ಮನಸ್ಸು ಮರುಗಿತು.

ಅಲ್ಲಿಂದ ನಾನು ಇದಿನಬ್ಬ ಸಾಹೇಬರ ಗುಜರಿ ಅಂಗಡಿಗೆ ಬಂದೆ. ಸತ್ತ ಟ್ಯೂಬ್‌ಲೈಟುಗಳು, ಹೊಟ್ಟೆಯಲ್ಲಿ ಪಾದರಸವನ್ನಿಟ್ಟುಕೊಂಡ ಸುರುಳಿದೀಪಗಳು, ತಂತಿ ಕಡಿದ ಬುರುಡೆಬಲ್ಬುಗಳು ಅಲ್ಲಿ ನನ್ನ ನೆರೆಹೊರೆ. ತಮ್ಮ ತಮ್ಮ ಕಾಲದಲ್ಲಿ ಎಲ್ಲರೂ ದುಡಿದವರೇ. ಆದರೆ ಉರಿಯುವುದು ನಿಂತ ಮೇಲೆ ಅವರನ್ನು ಏನು ಮಾಡಬೇಕೆಂಬುದು ಯಾರಿಗೂ ತೋಚುತ್ತಿರಲಿಲ್ಲ. ನನಗೊಂದು ಕೆಲಸ ಸಿಕ್ಕಿತು. ಸಾಹೇಬರು ನನ್ನನ್ನು ಮಗುಚಿ ಹಾಕಿ, ತಗ್ಗಿನಲ್ಲಿ ನೀರು ತುಂಬಿಸಿ, ಕೋಳಿಗಳಿಗೆ ಕುಡಿಯಲು ಇಟ್ಟರು. ಸೂರ್ಯನನ್ನು ಹೊತ್ತವನು ಕೋಳಿಗೆ ನೀರು ಹೊತ್ತೆ. ಅದೂ ಸೇವೆಯೇ.

ಒಂದು ಮಳೆಗಾಲದ ಕೊನೆಗೆ ಜನಾರ್ದನ ಶೆಟ್ಟಿಗಾರ ಎಂಬವನು ತನ್ನ ಸೋರುವ ಮಾಡಿಗೆ ಹಳೆಯ ಹೆಂಚುಗಳನ್ನು ಹುಡುಕಿಕೊಂಡು ಅಲ್ಲಿಗೆ ಬಂದ. ನೇಕಾರರ ಮನೆತನದವನು, ಆದರೆ ತಾನು ಮಲ್ಪೆಯ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ. ನನ್ನನ್ನು ನೋಡಿ ನಕ್ಕ.

“ಸಾಯ್ಬ್ರೇ, ಕೋಳಿಗೆ ಗಾಜಿನ ತಟ್ಟೆಯಾ? ನಮ್ಮ ಮನೆಯಲ್ಲಿ ನಮಗೇ ಸ್ಟೀಲು.”

“ನಮ್ಮ ಕೋಳಿ ದೊಡ್ಡ ಮನೆತನದ್ದು ಜನಾರ್ದನಣ್ಣ. ತಟ್ಟೆಯ ಅಡಿ ಕಾಣದಿದ್ರೆ ಅದಕ್ಕೆ ನೀರು ಇಳಿಯುದಿಲ್ಲ.” ಸಾಹೇಬರು ನೀರು ಚೆಲ್ಲಿ ನನ್ನನ್ನು ತಮ್ಮ ಲುಂಗಿಯ ತುದಿಯಿಂದ ಒರೆಸಿದರು. “ನಿಮ್ಮ ಹೆಂಚಿನ ಒಟ್ಟಿಗೆ ಇದನ್ನೂ ತೆಕ್ಕೊಂಡು ಹೋಗಿ. ಮಾಡಿನ ಮೇಲೆ ಇರ್ಬೇಕಾದ್ದು ನೆಲದಲ್ಲಿ ಯಾಕೆ?”

ಹೀಗೆ ನಾನು ಸೀತಾನದಿಯ ದಂಡೆಯ ಆ ನೇಕಾರರ ಮನೆಗೆ ಬಂದೆ. ಮನೆಯಲ್ಲಿ ಮೂವರು. ಜನಾರ್ದನ, ಅವನ ತಾಯಿ ವಾರಿಜಾ, ಊರಿಗೆಲ್ಲ ವಾರಿಜಕ್ಕ, ಅವನ ಹೆಂಡತಿ ಪ್ರಮೀಳಾ. ವಾರಿಜಕ್ಕ ನೇಯ್ದ ಚೌಕುಳಿ ಸೀರೆಯನ್ನು ಕಣ್ಣು ಮುಚ್ಚಿ ಮುಟ್ಟಿದರೂ ಗುರುತಿಸಬಹುದೆಂದು ಆ ಕಡೆಯವರು ಹೇಳುತ್ತಿದ್ದರು. ಪ್ರಮೀಳೆ ನೇಕಾರರ ಸಂಘದ ತರಬೇತಿಯಲ್ಲಿ ನೇಯ್ಗೆಯನ್ನೂ, ಬೇರು ತೊಗಟೆಗಳಿಂದ ನೂಲಿಗೆ ಬಣ್ಣ ಕಟ್ಟುವುದನ್ನೂ ಕಲಿತು ಬಂದಿದ್ದಳು. ಆದರೆ ಮಗ್ಗದ ಹಲಗೆಯ ಮೇಲೆ ಅವಳನ್ನು ಅತ್ತೆ ಒಮ್ಮೆಯೂ ಕೂರಿಸಿರಲಿಲ್ಲ.

ಭೂಮಿಗೆ ಭಾರವಾಗದಂತೆ ಮನೆ ನಡೆಸಬೇಕೆಂಬುದು ಆ ಹುಡುಗಿಯ ವ್ರತ. ಪಾತ್ರೆಗೆ ತೆಂಗಿನ ನಾರು ಮತ್ತು ಬೂದಿ, ಬಟ್ಟೆಗೆ ಅಂಟುವಾಳದ ಕಾಯಿ, ಪೇಟೆಗೆ ಬಟ್ಟೆಯ ಚೀಲ, ಹಿತ್ತಲಲ್ಲಿ ಗೊಬ್ಬರದ ಗುಂಡಿ. ಹಳೆಯ ಬುರುಡೆಬಲ್ಬುಗಳನ್ನು ತೆಗೆದು, ಕಡಿಮೆ ಕರೆಂಟು ಕುಡಿಯುವ ಹಾಲುಬಿಳಿಯ ಎಲ್‌ಇಡಿ ಬಲ್ಬುಗಳನ್ನು ಮನೆಯೆಲ್ಲ ಹಾಕಿಸಿದ್ದಳು. ಪೆಟ್ಟಿಗೆಯ ಮೇಲೆ ‘ಪರಿಸರಸ್ನೇಹಿ’ ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು. ಅದು ಸುಳ್ಳೂ ಆಗಿರಲಿಲ್ಲ. ವಾರಿಜಕ್ಕನಿಗೆ ಇದೆಲ್ಲ ನಗೆಯ ವಿಷಯ.

“ಇವಳ ಕೈಗೆ ಪೂರ್ತಿ ಮನೆ ಸಿಕ್ಕಿದ್ರೆ ನನಗೂ ಕಷ್ಟ ಉಂಟು ಮಗಾ,” ಎಂದು ಅವರು ಮಗನಿಗೆ ಹೇಳುತ್ತಿದ್ದರು, ಸೊಸೆಗೆ ಕೇಳಿಸುವ ಹಾಗೆಯೇ. “ಹಳತಾದ್ದು ಅಂತ ಹೇಳಿ ನನ್ನನ್ನೂ ಗೊಬ್ಬರದ ಗುಂಡಿಗೆ ಹಾಕ್ತಾಳೆ.”

“ನೀವು ಕರಗುವ ಜಾತಿ ಅಲ್ಲ ಅತ್ತೆ,” ಎನ್ನುತ್ತಿದ್ದಳು ಪ್ರಮೀಳೆ.

ನನ್ನನ್ನು ಮಗ್ಗದ ಕೋಣೆಯ ಮಾಡಿಗೆ ಹಾಕೋಣವೆಂದು ಅವಳು ಬಂದ ದಿನವೇ ಕೇಳಿದಳು. ಆ ಕೋಣೆ ಮನೆಯ ಹಿಂಭಾಗದಲ್ಲಿ, ಕಿಟಕಿಯಿಲ್ಲದ ಕತ್ತಲಲ್ಲಿತ್ತು. ಅಂಗಳದ ಕಡೆಯ ಬಾಗಿಲನ್ನು ಗಾಳಿಗೂ ಕೋಳಿಗೂ ಹೆದರಿ ಸದಾ ಮುಚ್ಚಿಡುತ್ತಿದ್ದರು. ವಾರಿಜಕ್ಕ ಖಂಡಿತ ಒಪ್ಪಲಿಲ್ಲ. ಹಿಂದೆ ಒಮ್ಮೆ ಹೆಂಚು ಸರಿದ ಸಂದಿಯಿಂದ ಬಿಸಿಲು ಬಿದ್ದು, ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ನೀಲಿ ನೂಲಿನ ಹಾಸಿನಲ್ಲಿ ಒಂದು ಪಟ್ಟಿ ಮಾಸಿ ಬೂದಿಬಣ್ಣವಾಗಿತ್ತು. “ಬಿಸಿಲು ಬಣ್ಣ ತಿನ್ತದೆ,” ಎಂದರು ಅವರು. ಆ ಮಾತು ಸತ್ಯವೇ. ಹಾಗಾಗಿ ನನ್ನನ್ನು ಹಿತ್ತಿಲ ಅಂಗಳದಲ್ಲಿ, ಆ ಮುಚ್ಚಿದ ಬಾಗಿಲಿನ ಎದುರಿಗೆ, ಗೋಡೆಗೆ ಒರಗಿಸಿಟ್ಟರು.

ಆ ವರ್ಷ ಅವರ ಮನೆಗೆ ಒಂದು ದೊಡ್ಡ ಭಾಗ್ಯ ಒದಗಿತ್ತು. ಅವರ ಕುಲದವರ ಗುಡಿಯಲ್ಲಿ ನವರಾತ್ರಿಗೆ ದೇವಿಗೆ ಉಡಿಸುವ ಸೀರೆಯನ್ನು ವರ್ಷಕ್ಕೊಂದು ಮನೆಯವರು ಸರದಿಯಂತೆ ನೇಯುತ್ತಾರೆ. ಈ ಮನೆಗೆ ಹಿಂದೆ ಸರದಿ ಬಂದಾಗ ಮಗ್ಗದಲ್ಲಿ ಕೂತವರು ವಾರಿಜಕ್ಕನ ಅತ್ತೆ, ಈಗ ವಾರಿಜಕ್ಕ. ಆ ಸೀರೆಗೆ ನಿಯಮ ಒಂದೇ: ಮೊದಲ ಲಾಳಿ ಎಸೆದ ಕೈಯೇ ಕೊನೆಯ ಲಾಳಿಯನ್ನೂ ಎಸೆಯಬೇಕು. ಸಮರ್ಪಣೆಯ ಬೆಳಗ್ಗೆ ಕುಲದ ಹಿರಿಯರಾದ ಗುರಿಕಾರರು ಸೀರೆಯನ್ನು ಗುಡಿಯ ಅಂಗಳದ ಬಿಸಿಲಿನಲ್ಲಿ ಬಿಡಿಸಿ ನೋಡಿ, “ಇದು ಯಾರ ಕೈ?” ಎಂದು ಕೇಳುತ್ತಾರೆ. ನೇಯ್ದವರು, “ನನ್ನ ಕೈ,” ಎಂದು ಹೇಳಬೇಕು. ಆ ಎರಡು ಶಬ್ದಗಳನ್ನು ಹೇಳುವುದಕ್ಕಾಗಿ ವಾರಿಜಕ್ಕ ಒಂದು ಆಯುಷ್ಯ ಕಾದಿದ್ದರು.

ದೇವಿಗೆ ಕೆಂಪು ಅಂಚು, ಕೆಂಪು ಸೆರಗು. ಅದಕ್ಕಾಗಿ ಪ್ರಮೀಳೆ ಮಂಜಿಷ್ಠದ ಬೇರನ್ನು ಕುದಿಸಿ, ಪಟಿಕ ಹಾಕಿ, ದಾಸವಾಳದಂಥ ಬಣ್ಣವನ್ನು ನೂಲಿಗೆ ಕಟ್ಟಿಕೊಟ್ಟಳು. ಇಷ್ಟಕ್ಕೆ ಮಾತ್ರ ಅತ್ತೆಯ ಮೆಚ್ಚುಗೆ ಸಿಕ್ಕಿತು: “ದೇವಿಗೆ ಬೇರಿನ ಬಣ್ಣವೇ ಲಾಯ್ಕ್.”

ಒಡಲು ಮುಗಿಯಿತು. ಆ ಮನೆಯ ರೂಢಿಯಂತೆ ಸೆರಗು ಕೊನೆಗೆ. ಪ್ರಮೀಳೆ ತವರಿನ ನಾಮಕರಣಕ್ಕೆಂದು ಹೋಗಿದ್ದಾಗ ಸೆರಗಿನ ಕೆಂಪು ನೂಲು ಮುಗಿದುಹೋಯಿತು. ಸೊಸೆ ಬರುವ ತನಕ ಕಾಯಲು ವಾರಿಜಕ್ಕನ ಮನಸ್ಸು ಒಪ್ಪಲಿಲ್ಲ. ಬುಟ್ಟಿಯಲ್ಲಿ ಹಳೆಯದೊಂದು ಕೆಂಪು ನೂಲಿನ ಲಡಿಯಿತ್ತು. ಅಂಗಡಿಯ ಬಣ್ಣದ್ದು. ಬಲ್ಬಿನ ಕೆಳಗೆ ಎರಡನ್ನೂ ಹಿಡಿದು ನೋಡಿದರು. ಒಂದೇ ಆಗಿ ಕಂಡಿತು. ನೇಯ್ದರು.

ಸೊಸೆ ಮರಳಿ ಬಂದ ದಿನ ಹೊತ್ತು ಏರುವ ಮೊದಲೇ ಕರೆಂಟು ಹೋಯಿತು. ವಾರಿಜಕ್ಕ ಗೊಣಗುತ್ತಾ ಹಿತ್ತಿಲ ಬಾಗಿಲನ್ನು ತೆರೆದರು. ಅಂಗಳದ ಬೆಳಕು ಒಳಗೆ ಹೊಕ್ಕು ಮಗ್ಗದ ಮೇಲೆ ಬಿತ್ತು. ನಾನು ಗೋಡೆಯ ಬದಿಯಿಂದ ಎಲ್ಲವನ್ನೂ ಕಂಡೆ.

ಪ್ರಮೀಳೆ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. “ಅತ್ತೆ, ಈ ಕೆಂಪು ಯಾವುದು?”

“ಯಾವುದು ಅಂದ್ರೆ? ನೀನೇ ಬೇಯಿಸಿ ಕೊಟ್ಟದ್ದಕ್ಕೆ ಸರಿಯಾದ್ದು.”

“ನನ್ನದು ಇಲ್ಲಿವರೆಗೆ. ಇಲ್ಲಿಂದ ಮೇಲೆ ಬೇರೆ.”

“ಎಲ್ಲಿ? ನಿನ್ನ ಕಣ್ಣಿಗೆ ಎಂತ ಆಗಿದೆ? ಜನಾರ್ದನಾ, ಬಾ ಇಲ್ಲಿ.”

ಜನಾರ್ದನ ಬಂದು ಬಗ್ಗಿ ನೋಡಿದ. ತಾಯಿಯ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. “ಅಮ್ಮ, ಸಿಟ್ಟು ಮಾಡ್ಬೇಡ. ಇದು ದಾಸವಾಳ, ಅದು ಬೀಟ್ರೂಟು.”

ಅಷ್ಟರಲ್ಲಿ ಕರೆಂಟು ಬಂತು. ಅವನು ಬಾಗಿಲು ಮುಚ್ಚಿ ಮತ್ತೆ ನೋಡಿದನಂತೆ. ಒಳಗಿನಿಂದ ಅವನ ಆಶ್ಚರ್ಯದ ಧ್ವನಿ ಕೇಳಿಸಿತು: “ಅರೆ! ಈಗ ಎರಡೂ ಒಂದೇ!” ನಿಜ, ಕೆಲವು ಬೆಳಕುಗಳು ಕರೆಂಟನ್ನು ಉಳಿಸುತ್ತವೆ, ದಾರಿಯನ್ನು ತೋರುತ್ತವೆ, ಆದರೆ ಬಣ್ಣಗಳನ್ನು ಇದ್ದಂತೆ ತೋರಲಾರವು. ಬೇರಿನ ಕೆಂಪೂ ಅಂಗಡಿಯ ಕೆಂಪೂ ಅವುಗಳೆದುರು ಅವಳಿಗಳಾಗಿ ನಿಲ್ಲುತ್ತವೆ, ಸೂರ್ಯನೆದುರು ಅಪರಿಚಿತರಾಗುತ್ತವೆ. ಗುರಿಕಾರರು ಸೀರೆಯನ್ನು ಬಿಡಿಸುವುದು ಸೂರ್ಯನೆದುರಿಗೇ.

“ಕೇಳಿದ್ಯಾ?” ವಾರಿಜಕ್ಕ ಸೊಸೆಯ ಕಡೆ ತಿರುಗಿದರು. “ನನ್ನ ಕೈ ತಪ್ಪಿದ್ದಲ್ಲ. ನಿನ್ನ ಬಲ್ಬು ಮೋಸ ಮಾಡಿದ್ದು. ನೀನು ಪರಿಸರ ಉಳಿಸಿದ್ದು ಸಾಕು ಮಾರಾಯ್ತಿ, ದೇವಿಯ ಎದುರು ನನ್ನ ಮರ್ಯಾದೆ ಉಳಿಸು.”

ಪ್ರಮೀಳೆ ಅಂಗಳಕ್ಕೆ ಬಂದು, ನನ್ನ ಪಕ್ಕದಲ್ಲೇ ಕಲ್ಲಿನ ಮೇಲೆ ಕುಳಿತಳು. ಅವಳ ಕಣ್ಣು ತುಂಬಿತ್ತು. ಸೀರೆಯನ್ನು ಮಗ್ಗದಿಂದ ಕತ್ತರಿಸಿಲ್ಲವೆಂಬುದೊಂದೇ ಸಮಾಧಾನ. ಕತ್ತರಿಸಿದ ಮೇಲೆ ನೇಯ್ಗೆಗೆ ಪ್ರಾಯಶ್ಚಿತ್ತವಿಲ್ಲ. ಅದಕ್ಕೆ ಮೊದಲಾದರೆ ತಪ್ಪಾದ ಎಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಬಿಡಿಸಬಹುದು. ಮತ್ತೆ ಬೇರು ಕುದಿಸಬೇಕು, ಅದೇ ಕೆಂಪು ಬರಬೇಕು, ನವರಾತ್ರಿಯೊಳಗೆ ಸೆರಗು ಮುಗಿಯಬೇಕು. ಸೆರಗಿನ ಎಳೆ ಎಳೆಯೂ ಅದರ ನಿಜ ಬಣ್ಣವೂ ಕಾಣುವಷ್ಟು ಬೆಳಕು ಆ ಕೋಣೆಯಲ್ಲಿ ಬೇಕು. ಬಾಗಿಲು ತೆರೆದಿಟ್ಟರೆ ಗಾಳಿಗೆ ಹಾಸಿನ ನೂಲು ಸಿಡಿಯುತ್ತದೆ. ಅವಳು ಕಣ್ಣೊರೆಸಿಕೊಂಡಳು. ಅವಳ ದೃಷ್ಟಿ ನನ್ನ ಮೇಲೆ ನಿಂತಿತು.

“ಬಿಸಿಲು ಬಣ್ಣ ತಿನ್ತದೆ ಅಂತ ಹೇಳ್ಲಿಲ್ವಾ ನಾನು?” ಎಂದರು ವಾರಿಜಕ್ಕ, ಅವಳು ನನ್ನನ್ನು ಎತ್ತಿಕೊಂಡು ಒಳಗೆ ಬಂದಾಗ.

“ಇದರ ಅಡಿಯಲ್ಲಿ ಬಟ್ಟೆ ಕಟ್ಟುವ, ಅತ್ತೆ. ತೆಳ್ಳಗಿನ ಬಿಳಿ ಹತ್ತಿಬಟ್ಟೆ. ಬಿಸಿಲು ಮೇಲೆ ನಿಲ್ತದೆ, ಬೆಳಕು ಮಾತ್ರ ಕೆಳಗೆ ಬರ್ತದೆ.”

ವಾರಿಜಕ್ಕ ಈ ಸಲ ಬೇಡವೆಂದು ಅನ್ನಲಿಲ್ಲ.

ಹಿರಿಯರು ಒಂದು ಪುರಾಣಕಥೆಯನ್ನು ಹೇಳುತ್ತಾರೆ. ಸೂರ್ಯನ ಪತ್ನಿ ಸಂಜ್ಞಾದೇವಿಗೆ ಗಂಡನ ತೇಜಸ್ಸನ್ನು ತಾಳಲಾಗಲಿಲ್ಲ. ಆಗ ಅವಳ ತಂದೆ ವಿಶ್ವಕರ್ಮನು ಸೂರ್ಯನನ್ನೇ ಚಕ್ರಕ್ಕೆ ಏರಿಸಿ, ಅವನ ಪ್ರಖರತೆಯನ್ನು ಕೆತ್ತಿ ಕೆತ್ತಿ ಹಿತಮಾಡಿದನಂತೆ. ಜನಾರ್ದನ ಏಣಿ ಹತ್ತಿ, ಮಣ್ಣಿನ ಹೆಂಚೊಂದನ್ನು ತೆಗೆದು ನನ್ನನ್ನು ರೀಪಿಗೆ ಸಿಕ್ಕಿಸಿದಾಗ, ಪ್ರಮೀಳೆ ನನ್ನ ಕೆಳಗೆ ಬಿಳಿಬಟ್ಟೆಯನ್ನು ಬಿಗಿದು ಕಟ್ಟಿದಾಗ, ಆ ಕಥೆಯ ಅರ್ಥ ನನಗೆ ಹೊಳೆಯಿತು. ಬೆಳಕು ಎಷ್ಟೇ ಪವಿತ್ರವಾದುದಾಗಲಿ, ಮನೆಯೊಳಗೆ ಬರುವಾಗ ಅದಕ್ಕೂ ಒಂದು ವಿನಯ ಬೇಕು. ಬಟ್ಟೆಯ ಮೂಲಕ ಇಳಿದ ಬೆಳಕು ಮಗ್ಗದ ಮೇಲೆ ನೆರಳಿಲ್ಲದೆ, ಹೊಳಪಿಲ್ಲದೆ, ಹಾಲಿನ ಕೆನೆಯಂತೆ ಹರಡಿತು. ಹಾಸಿನ ಒಂದೊಂದು ಎಳೆಯೂ ಬೇರೆಯಾಗಿ ಎದ್ದು ನಿಂತಿತು.

ಬಿಡಿಸುವ ಕೆಲಸ ಆರಂಭವಾಯಿತು. ಅತ್ತೆ ಒಂದು ಕಡೆ, ಸೊಸೆ ಇನ್ನೊಂದು ಕಡೆ. ನೇಯುವುದಕ್ಕಿಂತ ಬಿಡಿಸುವುದು ಕಠಿಣ. ಅಡ್ಡಕ್ಕೆ ಹಾಯ್ದ ಹೊಕ್ಕಿನ ನೂಲನ್ನು ಎಳೆಯುವಾಗ ಹಾಸಿನ ನೂಲಿಗೆ ನೋವಾಗಬಾರದು. ಆ ಕೋಣೆಯಲ್ಲಿ ನೂಲು ಜಾರುವ ಸಪ್ಪಳ ಮಾತ್ರ. ಇತ್ತ ಒಲೆಯ ಮೇಲೆ ಮಂಜಿಷ್ಠ ಕುದಿಯುತ್ತಿತ್ತು. ಪ್ರಮೀಳೆ ನೂಲನ್ನು ಅದ್ದಿ, ಒಣಗಿಸಿ, ನನ್ನ ಕೆಳಗೆ ತಂದು ಅಂಚಿನ ಪಕ್ಕ ಹಿಡಿದು, ತಲೆಯಾಡಿಸಿ ಮತ್ತೆ ಅದ್ದುತ್ತಿದ್ದಳು. ಕೊನೆಗೊಮ್ಮೆ ಅಂಚು ಎಲ್ಲಿ ಮುಗಿಯಿತು, ಲಡಿ ಎಲ್ಲಿ ತೊಡಗಿತು ಎಂದು ನನಗೇ ತಿಳಿಯದಾಯಿತು. ಅವಳು ನಿಟ್ಟುಸಿರು ಬಿಟ್ಟು ಆ ಲಡಿಯನ್ನು ಬುಟ್ಟಿಯಲ್ಲಿಟ್ಟಳು. ಅದೇ ಬುಟ್ಟಿಯಲ್ಲಿ ಅಂಗಡಿಯ ಕೆಂಪೂ ಇತ್ತು, ತಿಳಿಯಾಗಿ ಬಂದ ಪ್ರಯತ್ನದ ಲಡಿಗಳೂ ಇದ್ದವು.

ವಾರಿಜಕ್ಕ ಸ್ನಾನಮಾಡಿ, ದೇವರಿಗೆ ಕೈಮುಗಿದು, ಮಗ್ಗದ ಹಲಗೆಯ ಮೇಲೆ ಕುಳಿತರು. “ಲಡಿ ನಾನೇ ಆರಿಸ್ತೇನೆ. ಈಗ ನಿನ್ನ ಬಲ್ಬೂ ಇಲ್ಲ, ಸೂರ್ಯನಾರಾಯಣನೇ ಇದ್ದಾನೆ,” ಎಂದು ಬುಟ್ಟಿಗೆ ಕೈ ಹಾಕಿದರು. ಒಂದೊಂದನ್ನೇ ಅಂಚಿನ ಹತ್ತಿರ ಹಿಡಿದು, ಮುಖ ಬಗ್ಗಿಸಿ, ಬಹಳ ಹೊತ್ತು ನೋಡಿದರು. ಆಮೇಲೆ ನಿರ್ಧಾರದ ಧ್ವನಿಯಲ್ಲಿ ಹೇಳಿದರು: “ಇದು.”

ಅದು ಅಂಗಡಿಯ ಕೆಂಪು.

ನಾನು ನನ್ನಲ್ಲಿದ್ದ ಎಲ್ಲ ಬೆಳಕನ್ನೂ ಸುರಿಯುತ್ತಿದ್ದೆ. ಆಕಾಶದಲ್ಲಿ ಮೋಡದ ಸುಳಿವೂ ಇರಲಿಲ್ಲ. ಪ್ರಮೀಳೆ ಅದನ್ನು ಕಂಡಳು. ಬಲ್ಬಿನ ಮೇಲೆ ಬಿದ್ದ ಅಪವಾದವನ್ನು ಕಳೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಅವಳಿಗೆ ಸಿಗುತ್ತಿರಲಿಲ್ಲ. ಅವಳು ಮಾತ್ರ ಸಾವಕಾಶವಾಗಿ ಕೈಚಾಚಿದಳು.

“ಕೊಡಿ ಅತ್ತೆ, ಲಾಳಿಯ ಕಂಡಿಕೆಗೆ ಸುತ್ತಿ ತರ್ತೇನೆ,” ಎಂದು ಲಡಿಯನ್ನು ತೆಗೆದುಕೊಂಡು, ಬುಟ್ಟಿಯ ಕಡೆ ಬಗ್ಗಿ, ಗುಟ್ಟಾಗಿ ಬದಲಿಸಹೊರಟಳು.

ವಾರಿಜಕ್ಕನ ಕೈ ಅವಳ ಮಣಿಕಟ್ಟನ್ನು ಹಿಡಿಯಿತು. ಕಣ್ಣಿಗೆ ಕಾಣದ್ದು ಆ ಕೈಗೆ ಗೊತ್ತಾಗುತ್ತಿತ್ತು.

“ಬದಲಿಸ್ತಾ ಇದ್ದೀಯಲ್ಲ.”

“ಇಲ್ಲ ಅತ್ತೆ, ಸುಮ್ಮನೆ…”

“ಸುಳ್ಳು ಬೇಡ. ಎದುರಿಗೆ ದೇವಿಯ ಸೀರೆ ಉಂಟು. ನಾನು ಆರಿಸಿದ್ದು ಆ ಬೀಟ್ರೂಟಾ?”

ಪ್ರಮೀಳೆ ತಲೆ ತಗ್ಗಿಸಿದಳು. “ಹೌದು.”

ವಾರಿಜಕ್ಕ ಮುಖವೆತ್ತಿ ನನ್ನ ಕಡೆ ನೋಡಿದರು. “ಆ ಬಟ್ಟೆ, ಆ ಗಾಜು, ತೊಳೆದಿದ್ದೀರಾ?”

“ಎರಡೂ ತೊಳೆದದ್ದು ಅತ್ತೆ.”

“ಹಾಗಾದ್ರೆ ಮಂಜು ಇರುದು ನನ್ನ ಕಣ್ಣಲ್ಲಿ.” ಅವರು ಅದನ್ನು ಅಳುತ್ತಾ ಹೇಳಲಿಲ್ಲ, ನೂಲು ಎಷ್ಟು ಉಳಿದಿದೆಯೆಂದು ಹೇಳುವ ಧ್ವನಿಯಲ್ಲಿ ಹೇಳಿದರು. “ಬಲ್ಬಿಗೆ ಸುಮ್ಮನೆ ಬೈದೆ.”

“ಬಲ್ಬಿಂದೂ ತಪ್ಪು ಉಂಟು ಅತ್ತೆ. ಇವರಿಗೂ ಅದರ ಅಡಿಯಲ್ಲಿ ಒಂದೇ ಕಂಡಿತ್ತಲ್ಲ.”

“ನೀನೀಗ ನನಗೆ ಸಮಾಧಾನ ಹೇಳ್ಬೇಡ.” ಅವರು ಹಲಗೆಯ ತುದಿಗೆ ಸರಿದರು. ಆ ಹಲಗೆ ಅವರು ಕೂತ ಜಾಗದಲ್ಲಿ ಸವೆದು ತಗ್ಗಾಗಿತ್ತು. “ಕೂತ್ಕೋ.”

ಪ್ರಮೀಳೆ ಬೆದರಿ ಒಂದು ಹೆಜ್ಜೆ ಹಿಂದಿಟ್ಟಳು. “ಅಯ್ಯೋ, ಒಂದೇ ಕೈ ಆಗ್ಬೇಕಲ್ಲ ಅತ್ತೆ! ಗುರಿಕಾರ್ರು ಕೇಳಿದ್ರೆ?”

“ಕೇಳಿದ್ರೆ ಹೇಳ್ಲಿಕ್ಕೆ ನನಗೆ ಬಾಯಿ ಉಂಟು. ಕಣ್ಣಲ್ಲವಾ ಹೋದದ್ದು? ಕೂತ್ಕೋ ಹೆಣ್ಣೇ. ದೇವಿಯನ್ನು ಕಾಯಿಸ್ಬಾರ್ದು.”

ಸೊಸೆ ಹಲಗೆಗೆ ನಮಸ್ಕರಿಸಿ ಕುಳಿತಳು. ಹೊಕ್ಕನ್ನು ಬಿಗಿಯಲು ಅವಳು ಕೊಟ್ಟ ಮೊದಲ ಏಟುಗಳು ಬಿರುಸಾದವು. “ಸಿಟ್ಟು ಬೇಡ, ಬಾಚಣಿಗೆ ತಲೆಗೆ ಹಾಕಿದ ಹಾಗೆ ಹೊಡಿ,” ಎಂದು ವಾರಿಜಕ್ಕ ಪಕ್ಕದಲ್ಲಿ ಕುಳಿತು, ಬಟ್ಟೆಯ ಮೇಲೆ ಬೆರಳಾಡಿಸಿ ಏಟಿನ ಹದವನ್ನು ತಿದ್ದುತ್ತಿದ್ದರು. ಬಣ್ಣಕ್ಕೆ ಸೊಸೆಯ ಕಣ್ಣು, ಬಿಗಿಗೆ ಅತ್ತೆಯ ಬೆರಳು. ಹಗಲಿನ ಬೆಳಕಿರುವಷ್ಟು ಹೊತ್ತು ಮಾತ್ರ ನೇಯ್ಗೆ. ನಡುವೆ ಮಳೆ ತಿರುಗಿ ಬಂದು ಆಕಾಶ ಕಪ್ಪಿಟ್ಟಾಗ ಇಬ್ಬರೂ ಕೈಕಟ್ಟಿ ನನ್ನ ಕಡೆಗೇ ನೋಡುತ್ತಾ ಕುಳಿತಿರುತ್ತಿದ್ದರು. ಅಂಥ ಹೊತ್ತಿನಲ್ಲಿ, ನನ್ನದಲ್ಲದ ಬೆಳಕಿಗಾಗಿ ನಾನೂ ಅವರೊಡನೆ ಪ್ರಾರ್ಥಿಸಿದೆ. ನವರಾತ್ರಿ ತೊಡಗುವ ಮುನ್ನಾದಿನ ಕೊನೆಯ ಲಾಳಿ ಹಾದುಹೋಯಿತು. ವಾರಿಜಕ್ಕ ಸೀರೆಯನ್ನು ಮಗ್ಗದಿಂದ ಕತ್ತರಿಸಿ ತೆಗೆದರು.

ಗುಡಿಯಲ್ಲಿ ನಡೆದದ್ದನ್ನು ನಾನು ಕಾಣಲಾರೆ. ಆದರೆ ಮನೆಗೆ ಬಂದವನೇ ಜನಾರ್ದನ, ನನ್ನ ಕೆಳಗೆ ನಿಂತು, ನೆರೆಮನೆಯವರಿಗಾಗಿ ಅದನ್ನೆಲ್ಲ ಅಭಿನಯಿಸಿ ತೋರಿಸಿದ. ಗುರಿಕಾರ ಅಣ್ಣಯ್ಯ ಶೆಟ್ಟಿಗಾರರು ಸೀರೆಯನ್ನು ಬಿಸಿಲಿಗೆ ಬಿಡಿಸಿದರಂತೆ. ಅಂಚನ್ನು ನೋಡಿದರು, ಸೆರಗನ್ನು ನೋಡಿದರು. ಕೆಂಪಿಗೆ ಕೆಂಪು ಸೇರಿತ್ತು. “ಇದು ಯಾರ ಕೈ?” ಎಂದು ಕೇಳಿದರು.

“ಅಮ್ಮ ಎಂತ ಹೇಳಿದ್ದು ಗೊತ್ತುಂಟಾ?” ಜನಾರ್ದನ ಸೊಂಟದ ಮೇಲೆ ಕೈಯಿಟ್ಟು ತಾಯಿಯ ಧ್ವನಿಯನ್ನೇ ತಂದ. “‘ಒಡಲು ನನ್ನದು, ಸೆರಗು ನನ್ನ ಸೊಸೆಯದ್ದು. ಕಣ್ಣು ಕಾಣುದಿಲ್ಲ ನನಗೆ. ಬೇಡದಿದ್ರೆ ಹೇಳಿ, ಮಡಚಿಕೊಂಡು ಹೋಗ್ತೇನೆ.’ ಗುರಿಕಾರ್ರು ‘ಎರಡು ಕೈಯಾ?’ ಅಂದ್ರು. ಅಮ್ಮ ಗರ್ಭಗುಡಿ ಕಡೆ ಕೈ ತೋರ್ಸಿ, ‘ಒಳಗೆ ನಿಂತವಳಿಗೇ ಎಂಟು ಕೈ ಉಂಟಲ್ಲ ಗುರಿಕಾರ್ರೇ. ಅವಳ ಸೀರೆಗೆ ಎರಡು ಹೆಚ್ಚಾಯ್ತಾ?’ ಅಂತ ಕೇಳಿದ್ಲು!”

“ಆಮೇಲೆ?” ಎಂದರು ನೆರೆಯವರು.

“ಆಮೇಲೆ ಎಂತ? ಗುರಿಕಾರ್ರ ಹೆಂಡತಿಗೇ ಮೊದಲು ನಗೆ ಬಂತು. ಗುರಿಕಾರ್ರೂ ನಕ್ರು. ಸೀರೆಯನ್ನು ತಲೆ ಮೇಲೆ ಇಟ್ಕೊಂಡು ಒಳಗೆ ನ‌ಡೆದ್ರು.”

ಪ್ರಮೀಳೆ ಬಾಗಿಲ ಮರೆಯಲ್ಲಿ ನಿಂತಿದ್ದಳು. ವಾರಿಜಕ್ಕ, “ಸಾಕು ನಿನ್ನ ಬಯಲಾಟ, ಗಂಜಿ ಬಡಿಸು ಅಂತ ಹೇಳು ಅವಳಿಗೆ,” ಎಂದರು. ಆದರೆ ಎದ್ದು ಹೋಗಿ ಬಡಿಸಿದವರು ಅವರೇ.

ಆ ದೀಪಾವಳಿಗೆ ಪ್ರಮೀಳೆ ಪೇಟೆಗೆ ಹೋಗಿ ಹೊಸ ದೀಪಗಳನ್ನು ಆಯ್ದು ತಂದಳು. ಈ ಸಲ ಪೆಟ್ಟಿಗೆಯ ಹಸಿರು ಅಕ್ಷರವನ್ನಷ್ಟೇ ಓದಿ ಬರಲಿಲ್ಲ. ಒಂದು ಚೀಲದಲ್ಲಿ ಆ ಎರಡು ಕೆಂಪು ಲಡಿಗಳನ್ನು ಒಯ್ದು, ಅಂಗಡಿಯಲ್ಲಿ ಬಲ್ಬು ಉರಿಸಿ, ಅದರ ಕೆಳಗೆ ಹಿಡಿದು ನೋಡಿದಳು. ಅಂಗಡಿಯವನು ನಕ್ಕನಂತೆ. ಎರಡೂ ಬೇರೆಬೇರೆಯಾಗಿ ಕಂಡ ಬಲ್ಬನ್ನು ಮಗ್ಗದ ಕೋಣೆಗೆ ತಂದಳು. ಹಳೆಯ ಹಾಲುಬಿಳಿಯ ಬಲ್ಬು ಕೆಟ್ಟಿರಲಿಲ್ಲವಾದ್ದರಿಂದ ಬಿಸಾಡದೆ ಬಚ್ಚಲಿಗೆ ವರ್ಗಾಯಿಸಿದಳು. ಅಲ್ಲಿ ಬಣ್ಣದ ಪರೀಕ್ಷೆಯಿಲ್ಲ. ಹಗಲೆಲ್ಲ ನಾನು, ಹೊತ್ತು ಇಳಿದ ಮೇಲೆ ಆ ಹೊಸ ದೀಪ. ನಮ್ಮಿಬ್ಬರಲ್ಲಿ ಮತ್ಸರವಿಲ್ಲ. ಅವನು ಬರುವಾಗ ನಾನು ಕಣ್ಣು ಮುಚ್ಚುತ್ತೇನೆ. ನಾನು ತೆರೆದಾಗ ಅವನು ವಿಶ್ರಮಿಸುತ್ತಾನೆ.

ವಾರಿಜಕ್ಕನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು. ಪೊರೆ ತೆಗೆದರು. ಕೆಲವು ಕಾಲ ಅವರು ಕಪ್ಪು ಕನ್ನಡಕ ಹಾಕಿಕೊಂಡು ಚಾವಡಿಯಲ್ಲೇ ಕುಳಿತಿದ್ದರು. ಒಂದು ಮುಂಜಾನೆ ಕನ್ನಡಕ ತೆಗೆಯಬಹುದೆಂದು ಅಪ್ಪಣೆಯಾಗಿ, ಅವರು ಮೊದಲು ಬಂದದ್ದು ಮಗ್ಗದ ಕೋಣೆಗೆ. ಮಗ್ಗ ಬರಿದಾಗಿತ್ತು. ಅವರು ಹಲಗೆಯ ಮೇಲೆ ಕುಳಿತು ಮುಖವೆತ್ತಿದರು.

“ಪ್ರಮೀಳಾ, ಆ ಬಟ್ಟೆ ಒಂಚೂರು ಸರಿಸು.”

ಪ್ರಮೀಳೆ ಕೋಲಿನಿಂದ ಬಿಳಿಬಟ್ಟೆಯನ್ನು ಸರಿಸಿದಳು. ವಾರಿಜಕ್ಕ ನೋಡಿದರು. ನೋಡುತ್ತಲೇ ಇದ್ದರು. ಅವರ ಬಾಯಿ ಮೆಲ್ಲಗೆ ತೆರೆದುಕೊಂಡಿತು.

“ಆಕಾಶ ಇಷ್ಟು ನೀಲಿ ಉಂಟಾ?”

“ಅದು ಯಾವಾಗಲೂ ಹಾಗೇ ಅತ್ತೆ.”

“ಮತ್ತೆ ನನಗೆ ಯಾರೂ ಹೇಳ್ಲಿಲ್ಲವಲ್ಲ!” ಎಂದು ಅವರು ಸಣ್ಣ ಹುಡುಗಿಯಂತೆ ದೂರಿದರು. ಆಮೇಲೆ ಎದ್ದು, ಬರಿದಾದ ಮಗ್ಗದ ಮೇಲೆ ಕೈಯಾಡಿಸುತ್ತಾ, “ಮುಂದಿನ ಹಾಸಿನ ನೂಲಿಗೆ ಇದೇ ನೀಲಿ ಬೇಕು. ಕಟ್ಟಿ ಕೊಡ್ತೀಯಾ?” ಎಂದರು. “ಒಂದು ಸೀರೆ ನೀನು, ಒಂದು ನಾನು. ಯಾರದ್ದು ಲಾಯ್ಕ್ ಆಗ್ತದೆ ನೋಡುವ.”

ಅವರು ನನ್ನನ್ನು ನೋಡಲಿಲ್ಲ. ನನ್ನ ಮೂಲಕ ನೋಡಿದರು. ಗಾಜಾಗಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ಸಾರ್ಥಕ್ಯವಿಲ್ಲ.

ಈಗ ನಾನು ಮುದುಕ. ನನ್ನ ಏಣಿನಲ್ಲಿ ಪಾಚಿ ಹಿಡಿಯುತ್ತದೆ. ಮಳೆ ಬಿಟ್ಟ ಮೇಲೆ ಪ್ರತಿವರ್ಷ ಯಾರೋ ಹತ್ತಿ ತೆಂಗಿನ ನಾರಿನಿಂದ ತಿಕ್ಕುತ್ತಾರೆ. ಒಂದು ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು ಹೊರಟಿದೆ. ಅದರಲ್ಲಿ ಬೆಳಗಿನ ಹೊತ್ತು ಏಳು ಬಣ್ಣಗಳು ಒಡೆದು ಕೆಳಗಿನ ಗೋಡೆಗೆ ಬೀಳುತ್ತವೆ. ಕೆಳಗೆ ಎರಡು ತಲೆಗಳು, ನಾಲ್ಕು ಕೈಗಳು. ಒಂದು ತಲೆ ಪೂರ್ತಿ ಬೆಳ್ಳಗೆ, ಇನ್ನೊಂದರಲ್ಲಿ ಈಗಷ್ಟೇ ಒಂದೆರಡು ಬಿಳಿ ಎಳೆ. ಬೆಳಕನ್ನು ಕೊಳ್ಳುವುದು ಸುಲಭ, ಸರಿಯಾದುದನ್ನು ಆಯ್ದುಕೊಳ್ಳುವುದು ಕಷ್ಟ ಎಂಬುದನ್ನು ನಾನು ಈ ಮಾಡಿನ ಮೇಲೆ ಕಲಿತೆ. ಆಯ್ದುಕೊಳ್ಳಬೇಕಾದರೆ ಮೊದಲು, ತನಗೇನು ಕಾಣುತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯ ಬೇಕು. ಅದು ದೇವರು ಕೊಡುವ ಕಣ್ಣಿಗಿಂತಲೂ ದೊಡ್ಡದು.

ಈ ಕಥೆಯನ್ನು ಕೇಳಿದವರ ಮನೆಯಲ್ಲಿ ಹಗಲು ವ್ಯರ್ಥವಾಗದಿರಲಿ. ಅವರ ದೀಪಗಳು ಭೂಮಿಗೆ ಹಗುರವಾಗಿರಲಿ, ಕಣ್ಣಿಗೆ ಸತ್ಯವಾಗಿರಲಿ. ಅತ್ತೆಗೆ ಸೊಸೆ ಕಣ್ಣಾಗಲಿ, ಸೊಸೆಗೆ ಅತ್ತೆ ಕೈಯಾಗಲಿ. ಓದಿದವರಿಗೂ, ಓದಿಸಿ ಕೇಳಿದವರಿಗೂ, ಕತ್ತಲ ಕೋಣೆಯಲ್ಲಿ ಕೂತು ಯಾರದೋ ಮೈಗಾಗಿ ಬಟ್ಟೆ ನೇಯುತ್ತಿರುವವರಿಗೂ ಆ ಬೆಳಕಿನ ಒಡೆಯನು ಆರೋಗ್ಯವನ್ನೂ, ಆ ತಾಯಿ ನೆಮ್ಮದಿಯನ್ನೂ ಕರುಣಿಸಲಿ. ಸರ್ವರಿಗೂ ಮಂಗಳವಾಗಲಿ.